ತಲೆನೋವಿಲ್ಲದ ವಿಗ್: ನಾನು ಹೊಂದಿಸಿಕೊಂಡ ಬಗೆ

ವಿಗ್ ಹಾಕಿಕೊಂಡರೆ ತಲೆ ಸಿಡಿಯುತ್ತೆ ಅನ್ನುವವರನ್ನು ನಾನು ಮೊದಲು ಕೇಳೋದು ಇಷ್ಟೇ: ತಲೆಯ ಅಳತೆ ತೆಗೆಸಿದ್ದೀರಾ? ಹೆಚ್ಚಿನವರು ತೆಗೆಸಿರುವುದಿಲ್ಲ. ಬಣ್ಣ, ಉದ್ದ, ಬೆಲೆ ಎಲ್ಲವನ್ನೂ ನೋಡಿರುತ್ತಾರೆ, ಒಳಗಿನ ಟೋಪಿಯನ್ನು ಮಾತ್ರ ತಿರುಗಿಸಿ ನೋಡಿರುವುದಿಲ್ಲ.

ನಾನು ಬೆಂಗಳೂರಿನವಳು. ನಾವು ಬೆನೆ ಇಸ್ರೇಲ್, ಅಂದರೆ ಕೊಂಕಣ ಕರಾವಳಿ ಮೂಲದ ಯಹೂದಿಗಳು. ಮನೆಯಲ್ಲಿ ಮರಾಠಿ, ಬಾಗಿಲಾಚೆ ಕನ್ನಡ. ನಮ್ಮಜ್ಜಿ ಪ್ರಾರ್ಥನೆ ಹೊತ್ತಿಗೆ ಸೆರಗನ್ನು ತಲೆ ಮೇಲೆ ಎಳೆದುಕೊಳ್ಳುತ್ತಿದ್ದರು, ಅಷ್ಟೆ. ಮದುವೆಯಾಗಿ ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಬಂದೆ. ಗಂಡನ ಮನೆಯವರು ಪೂರ್ವ ಯುರೋಪಿನ ಮೂಲದ ಸಂಪ್ರದಾಯಸ್ಥರು. ಮದುವೆಯಾದ ಹೆಂಗಸು ತನ್ನ ಕೂದಲನ್ನು ಹೊರಗಿನವರಿಗೆ ತೋರಿಸುವ ಹಾಗಿಲ್ಲ. ಅದಕ್ಕೆ ಇಲ್ಲಿ ಬಹಳಷ್ಟು ಜನ ಶೈಟಲ್, ಅಂದರೆ ವಿಗ್, ಹಾಕುತ್ತಾರೆ.

'ಕೂದಲು ಮುಚ್ಚೋಕೆ ಇನ್ನೊಂದು ಕೂದಲಾ?' ಅಂತ ಊರಿನವರೆಲ್ಲ ಕೇಳುತ್ತಾರೆ. ರಬ್ಬಿಗಳೂ, ಅಂದರೆ ನಮ್ಮ ಧರ್ಮಗುರುಗಳೂ, ಇದೇ ಜಗಳ ಆಡಿದ್ದಾರೆ. ಇಸ್ರೇಲಿನ ಸೆಫಾರ್ದಿ (ಸ್ಪೇನ್ ಮೂಲದ ಪರಂಪರೆಯ) ರಬ್ಬಿ ಒವಾಡಿಯಾ ಯೋಸೆಫ್ ವಿಗ್ ಬೇಡವೇ ಬೇಡ ಅಂದರು. ಬ್ರೂಕ್ಲಿನ್ನಿನ ಲುಬಾವಿಚ್ ಪಂಥದ ಗುರು ಮೆನಾಖೆಮ್ ಷ್ನೀರ್ಸನ್ ವಿಗ್ಗೇ ಮೇಲು ಅಂದರು: ತಲೆಗೆ ಕಟ್ಟಿದ ಬಟ್ಟೆಯನ್ನು ಜಾರಿಸುವುದು ಸುಲಭ, ವಿಗ್ಗನ್ನು ನಾಲ್ಕು ಜನರ ಮುಂದೆ ಹಾಗೆ ತೆಗೆಯೋಕಾಗಲ್ಲ. ನಮ್ಮತ್ತೆ ಈ ಪಕ್ಷದವರು, ಹಾಗಾಗಿ ನಾನೂ.

ಈಗ ಅಳತೆ. ಹಣೆಯ ಮೇಲೆ ಕೂದಲು ಶುರುವಾಗುವ ಗೆರೆಯಿಂದ ಟೇಪು ಹಿಡಿದು, ಕಿವಿಯ ಮೇಲೆ ಹಾಯಿಸಿ, ಹಿಂದೆ ಕತ್ತಿನ ಗುಳಿಯವರೆಗೆ ಒಂದು ಸುತ್ತು. ಮಧ್ಯಮ ಸೈಜು ಸುಮಾರು 22 ಇಂಚು. ಆದರೆ ನಮ್ಮಂಥವರಿಗೆ ಒಂದು ತೊಡಕಿದೆ, ಒಳಗೆ ಉದ್ದ ಕೂದಲು ಇರುತ್ತೆ. ಅದನ್ನು ಹೇಗೆ ಕಟ್ಟುತ್ತೀರೋ ಹಾಗೇ ಕಟ್ಟಿಕೊಂಡು ಅಳತೆ ತೆಗೆಸಬೇಕು. ನಾನು ತುರುಬು ಕಟ್ಟುವುದಿಲ್ಲ. ತುರುಬಿದ್ದರೆ ವಿಗ್ ಹಿಂದೆ ಎದ್ದು ನಿಲ್ಲುತ್ತೆ, ಮುಂದೆ ಹಣೆಗೆ ಒತ್ತುತ್ತೆ, ಮಧ್ಯಾಹ್ನದ ಹೊತ್ತಿಗೆ ತಲೆನೋವು ಗ್ಯಾರಂಟಿ. ಎರಡು ಸಣ್ಣ ಜಡೆ ಹೆಣೆದು, ಹಿಂದೆ ಒಂದರ ಮೇಲೊಂದು ಅಡ್ಡ ಹಾಯಿಸಿ, ಚಪ್ಪಟೆಯಾಗಿ ಪಿನ್ ಮಾಡುತ್ತೇನೆ. ಪಿನ್ ತುದಿ ನೆತ್ತಿಗೆ ಚುಚ್ಚದ ಹಾಗೆ ಜಡೆಯೊಳಗೇ ಸೇರಬೇಕು. ಕೊಬ್ಬರಿ ಎಣ್ಣೆ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆದುಬಿಡುತ್ತೇನೆ. ಎಣ್ಣೆ ತಲೆ ಮೇಲೆ ವಿಗ್ ನಿಲ್ಲುವುದಿಲ್ಲ.

ಇನ್ನು ಕ್ಲಿಪ್ಪು. ಹೊಸ ವಿಗ್ಗಿನ ಒಳಗೆ, ಎರಡೂ ಕಣತಲೆಯ ಹತ್ತಿರ, ಪುಟ್ಟ ಬಾಚಣಿಗೆಯಂಥ ಕ್ಲಿಪ್ಪು ಹೊಲಿದಿರುತ್ತಾರೆ. ಟಕ್ ಅಂತ ಕಚ್ಚಿಕೊಳ್ಳುತ್ತೆ, ಭದ್ರವೇನೋ ನಿಜ. ಆದರೆ ದಿನಾ ಅದೇ ನಾಲ್ಕು ಎಳೆಯನ್ನು ಎಳೆದರೆ ಆ ಜಾಗದಲ್ಲಿ ಕೂದಲು ತೆಳುವಾಗುತ್ತಾ ಹೋಗುತ್ತೆ. ವರ್ಷಗಟ್ಟಲೆ ಹಾಕಿದ ಎಷ್ಟೋ ಹೆಂಗಸರ ಕಣತಲೆಯ ಹತ್ತಿರ ಬೋಳು ಜಾಗ ನೋಡಿದ್ದೇನೆ. ನಾನು ಸಣ್ಣ ಕತ್ತರಿಯಿಂದ ದಾರದ ಗಂಟು ಬಿಡಿಸಿ ಕ್ಲಿಪ್ಪು ತೆಗೆದುಹಾಕಿದೆ. ಲೇಸಿನ ಅಂಚಿಗೆ ತಾಗದ ಹಾಗೆ ಒಂದೊಂದೇ ಹೊಲಿಗೆ ಬಿಡಿಸಬೇಕು, ಅವಸರ ಬೇಡ. ಅದರ ಬದಲಿಗೆ ವೆಲ್ವೆಟ್ ಪಟ್ಟಿ. ಕೂದಲ ಗೆರೆಯಿಂದ ಅರ್ಧ ಇಂಚು ಹಿಂದೆ ಕಟ್ಟಿಕೊಂಡು ಅದರ ಮೇಲೆ ವಿಗ್ ಕೂರಿಸಿದರೆ ಆಯಿತು. ಪಟ್ಟಿಯ ಸಣ್ಣ ಸಣ್ಣ ನೂಲು ವಿಗ್ಗನ್ನು ಹಿಡಿಯುತ್ತೆ, ಭಾರ ಒಂದೇ ಕಡೆ ಬೀಳಲ್ಲ.

ಕಿವಿ ಮುಂದೆ ಬರುವ ಪುಟ್ಟ ಕಿವಿಯಂಥ ತುಂಡಿನೊಳಗೆ ಬಾಗುವ ತಂತಿ ಇರುತ್ತೆ. ಕನ್ನಡಕ ಹಾಕುವವರು ಕನ್ನಡಕ ಹಾಕಿಕೊಂಡೇ ಅದನ್ನು ಬಾಗಿಸಿ ಸರಿಮಾಡಿಕೊಳ್ಳಿ. ಇಲ್ಲದಿದ್ದರೆ ಕಡ್ಡಿಯೂ ತಂತಿಯೂ ಸೇರಿ ಕಿವಿ ಹಿಂಡುತ್ತವೆ.

ಭಾರ ಇಳಿಸೋಕೂ ದಾರಿ ಇದೆ. ಸೊಂಟದುದ್ದದ ವಿಗ್ ಫೋಟೋಗೆ ಚೆಂದ, ಕತ್ತಿಗೆ ಶಿಕ್ಷೆ. ಭುಜಕ್ಕಿಂತ ಮೇಲೆ ನಿಲ್ಲುವಷ್ಟು ಕತ್ತರಿಸಿಸಿದೆ. ಹಿಂಭಾಗದಲ್ಲಿ ಎಲಾಸ್ಟಿಕ್ ಪಟ್ಟಿಗಳ ಮೇಲೆ ಸಾಲುಸಾಲಾಗಿ ಕೂದಲು ಹೊಲಿದಿರುತ್ತಾರಲ್ವಾ, ಅದರಲ್ಲಿ ಕೆಲವು ಸಾಲು ತೆಗೆಸಿದೆ. ಸಾಲುಗಳ ನಡುವೆ ಗಾಳಿಯೂ ಆಡುತ್ತೆ. ಇಲ್ಲಿನ ಜುಲೈ ಸೆಕೆ ಮಂಗಳೂರಿನದ್ದೇ, ನೈಲಾನ್ ಟೋಪಿ ಒಳಗೆ ಹಾಕೋ ಮಾತೇ ಇಲ್ಲ.

ಅಡುಗೆಮನೆಯಲ್ಲಿ ಸಿಂಥೆಟಿಕ್ ವಿಗ್ ಬೇಡ. ಶುಕ್ರವಾರ ಹಬ್ಬದೂಟದ ಖಲ್ಲಾ ಬ್ರೆಡ್ ತೆಗೆಯೋಕೆ ಓವನ್ ಬಾಗಿಲು ತೆರೆದರೆ ಸಾಕು, ಬಿಸಿ ಹಬೆ ಬಡಿದು ಮುಂದಿನ ಎಳೆಗಳು ಸುಟ್ಟ ಹಾಗೆ ಸುರುಟಿಕೊಳ್ಳುತ್ತವೆ. ಒಲೆ ಮುಂದೆ ನನ್ನ ತಲೆಗೆ ಹತ್ತಿ ಬಟ್ಟೆ. ಶಬ್ಬಾತ್‌ಗೆ, ಅಂದರೆ ಶುಕ್ರವಾರ ಸಂಜೆ ಶುರುವಾಗುವ ನಮ್ಮ ವಾರದ ವಿಶ್ರಾಂತಿ ದಿನಕ್ಕೆ, ಹಾಕುವ ವಿಗ್ಗನ್ನು ಗುರುವಾರ ರಾತ್ರಿಯೇ ಥರ್ಮಾಕೋಲ್ ತಲೆಗೆ ಪಿನ್ ಹೊಡೆದು ಸೆಟ್ ಮಾಡಿಡುತ್ತೇನೆ. ಶುಕ್ರವಾರ ಸೂರ್ಯ ಮುಳುಗುವ ಮುಂಚೆಯೇ ಎಲ್ಲ ಮುಗಿದಿರಬೇಕು, ಆಮೇಲೆ ಕೂದಲು ಸೆಟ್ ಮಾಡುವ ಬಿಸಿ ಕಬ್ಬಿಣ ಮುಟ್ಟೋ ಹಾಗಿಲ್ಲ.

ಶಾಲೆಯ ಗೆಳತಿ ಒಮ್ಮೆ ವಿಡಿಯೋ ಕಾಲಿನಲ್ಲಿ ನಕ್ಕಳು: 'ಏನೇ, ತಿರುಪತಿ ಮುಡೀನ ತಲೆ ಮೇಲೆ ಇಟ್ಕೊಂಡಿದ್ದೀಯಾ?' ಅವಳಿಗದು ತಮಾಷೆ, ಇಲ್ಲಿ ಅದು ದೊಡ್ಡ ಗಲಾಟೆಯಾಗಿತ್ತು. 2004ರ ಮೇ ತಿಂಗಳಲ್ಲಿ ಜೆರುಸಲೇಮಿನ ರಬ್ಬಿ ಯೋಸೆಫ್ ಶಾಲೋಮ್ ಎಲ್ಯಾಶಿವ್, ತಿರುಪತಿಯಲ್ಲಿ ಕೊಟ್ಟ ಮುಡಿ ಬೇರೆ ದೇವರಿಗೆ ಅರ್ಪಿಸಿದ್ದು, ಅದರ ವಿಗ್ ಹಾಕಬಾರದು ಅಂದರು. ಬ್ರೂಕ್ಲಿನ್ ಬೀದಿಯಲ್ಲಿ ವಿಗ್ಗುಗಳನ್ನು ರಾಶಿ ಹಾಕಿ ಸುಟ್ಟರು. ಅರ್ಪಣೆ ಕೂದಲೋ, ಬೋಳಿಸಿಕೊಂಡು ಹರಕೆ ತೀರಿಸುವುದೋ ಅನ್ನೋದರ ಮೇಲೆ ವಾದವೋ ವಾದ. ಮುಡಿ ಕೊಟ್ಟು ಬಂದವರ ಪಕ್ಕದ ಮನೆಯಲ್ಲಿ ಬೆಳೆದ ನನಗೆ ಎರಡೂ ಕಡೆಯ ಮಾತು ಅರ್ಥವಾಗುತ್ತೆ. ಕೊಳ್ಳುವಾಗ ಮಾತ್ರ ಕೂದಲು ಎಲ್ಲಿಯದು ಅನ್ನುವ ರಬ್ಬಿಗಳ ಪತ್ರ ಕೇಳುತ್ತೇನೆ. ಅತ್ತೆಯೂ ಕೇಳುತ್ತಾರಲ್ಲ!

ಹೊಸದು ಕೊಳ್ಳೋಕೆ ಹೋದರೆ ಕನ್ನಡಿ ಮುಂದೆ ಎರಡು ನಿಮಿಷ ನಿಂತು ದುಡ್ಡು ಕೊಡಬೇಡಿ. ಅರ್ಧ ಗಂಟೆ ಹಾಕಿಕೊಂಡು ಅಂಗಡಿಯಲ್ಲೇ ಕೂತುಕೊಳ್ಳಿ. ಬಗ್ಗಿ ಚಪ್ಪಲಿ ಹಾಕಿಕೊಳ್ಳಿ, ಮಗುವನ್ನು ಎತ್ತಿಕೊಳ್ಳಿ, ಜೋರಾಗಿ ತಲೆ ಆಡಿಸಿ. ತೆಗೆದ ಮೇಲೆ ಹಣೆಯ ಮೇಲೆ ಕೆಂಪು ಗೆರೆ ಕಂಡರೆ, ಅಂಗಡಿಯವರು ಏನೇ ಹೇಳಲಿ, ಒಂದು ಸೈಜು ದೊಡ್ಡದು ಕೇಳಿ.