ಚಾಕುಗಳ ಜೊತೆ ಗಡಿ ದಾಟುವಾಗ: ನನ್ನ ಅನುಭವ

ನಾನು ಮರ ಕೆತ್ತುವವನು. ಕೆತ್ತನೆ ಕಲಿಸಲು ಬೇರೆ ಬೇರೆ ದೇಶಗಳಿಗೆ ಹೋಗುತ್ತೇನೆ. ಬೇರೆಯವರ ಚಾಕುವಿನಲ್ಲಿ ನನ್ನ ಕೈ ಓಡುವುದಿಲ್ಲ, ಹಾಗಾಗಿ ನನ್ನವೇ ಜೊತೆಗೆ ಬರುತ್ತವೆ. ಹೊರಡುವ ಮೊದಲು ಆ ದೇಶದ ಕಸ್ಟಮ್ಸ್ ನಿಯಮ ಓದುವುದು ಈಗ ನನಗೆ ಅಲಗು ಮಸೆಯುವಷ್ಟೇ ಮಾಮೂಲಿ ಕೆಲಸ.

ಚಾಕು ಎಷ್ಟು ಚೂಪು ಅನ್ನುವುದು ಕಸ್ಟಮ್ಸ್‌ನವರಿಗೆ ಮುಖ್ಯವಲ್ಲ. ಅದು ಹೇಗೆ ತೆರೆದುಕೊಳ್ಳುತ್ತದೆ, ಅಲಗಿನ ಆಕಾರ ಏನು, ಇದನ್ನು ಅವರು ಮೊದಲು ನೋಡುತ್ತಾರೆ. ಉದ್ದನೆಯ ಅಡುಗೆ ಚಾಕು ಸಾಮಾನ್ಯವಾಗಿ ತಕರಾರಿಲ್ಲದೆ ಒಳಗೆ ಹೋಗುತ್ತದೆ. ಬೆರಳುದ್ದದ ಬಟನ್ ಚಾಕು ಸಿಕ್ಕಿಬೀಳುತ್ತದೆ. ಬಟನ್ ಒತ್ತಿದರೆ ಚಿಮ್ಮುವ ಚಾಕುಗಳ ಮೇಲೆ ಅಮೆರಿಕ 1958ರಲ್ಲೇ ಕಾನೂನು ತಂದಿತು. ಬ್ರಿಟನ್ 1959ರಲ್ಲಿ ಅವುಗಳ ಮಾರಾಟ, ಆಮದು ಎರಡನ್ನೂ ನಿಷೇಧಿಸಿತು. ಹಿಡಿ ಎರಡು ಭಾಗವಾಗಿ ತಿರುಗಿ ತೆರೆದುಕೊಳ್ಳುವ ಬಟರ್‌ಫ್ಲೈ ಚಾಕುವಿಗೂ ಎಷ್ಟೋ ದೇಶಗಳಲ್ಲಿ ಪ್ರವೇಶವಿಲ್ಲ.

ಗೊಂದಲ ಜಾಸ್ತಿ ಇರುವುದು ಅರ್ಧ ಸ್ಪ್ರಿಂಗ್ ಚಾಕುಗಳಲ್ಲಿ. ಬೆರಳಿನಿಂದ ಸ್ವಲ್ಪ ತಳ್ಳಿದರೆ ಉಳಿದದ್ದನ್ನು ಒಳಗಿನ ಸ್ಪ್ರಿಂಗ್ ಮಾಡುತ್ತದೆ. ಅಮೆರಿಕ 2009ರ ತಿದ್ದುಪಡಿಯಲ್ಲಿ ಇಂಥವನ್ನು ನಿಷೇಧದಿಂದ ಹೊರಗಿಟ್ಟಿತು. ಬ್ರಿಟನ್ 2019ರ ಕಾಯ್ದೆಯಲ್ಲಿ ಇವನ್ನೇ ನಿಷೇಧದ ಒಳಗೆ ಸೇರಿಸಿತು. ಒಂದೇ ಚಾಕು, ಒಂದು ಕಡೆ ಸರಕು, ಇನ್ನೊಂದು ಕಡೆ ಅಪರಾಧ. ಅದಕ್ಕೇ ನಾನು ಸ್ಪ್ರಿಂಗ್ ಇರುವ ಯಾವ ಚಾಕುವನ್ನೂ ಗಡಿ ದಾಟಿಸುವುದಿಲ್ಲ.

ಎರಡೂ ಕಡೆ ಅಂಚಿರುವ ಅಲಗು ಇನ್ನೊಂದು ತಲೆನೋವು. ಆಸ್ಟ್ರೇಲಿಯಾದಲ್ಲಿ ಇಬ್ಬಾಯಿ ಕಠಾರಿ ತರಲು ಮೊದಲೇ ಅನುಮತಿ ಬೇಕು. ಜಪಾನಿನಲ್ಲಿ 5.5 ಸೆಂಟಿಮೀಟರ್ ಅಥವಾ ಹೆಚ್ಚು ಉದ್ದದ ಇಬ್ಬಾಯಿ ಕಠಾರಿಯನ್ನು ಇಟ್ಟುಕೊಳ್ಳುವುದಕ್ಕೇ 2009ರಿಂದ ನಿರ್ಬಂಧವಿದೆ. ಮರದ ಚಮಚ ಕೆತ್ತುವ ಬಾಗಿದ ಚಾಕುಗಳಲ್ಲಿ ಕೆಲವಕ್ಕೆ ಎರಡೂ ಕಡೆ ಅಂಚಿರುತ್ತದೆ. ಅವು ಕಠಾರಿಯಲ್ಲ, ನಿಜ. ಆದರೆ ಕೌಂಟರಿನಲ್ಲಿ ನಿಂತು ಅದನ್ನು ವಾದಿಸುವುದು ಯಾಕೆ? ಎಡಕ್ಕೊಂದು ಬಲಕ್ಕೊಂದು, ಒಂದೇ ಅಂಚಿನವನ್ನು ಒಯ್ಯುತ್ತೇನೆ.

ಭಾರತದ ಆಯುಧ ನಿಯಮಗಳಲ್ಲಿ ಅಳತೆಯೂ ಬರುತ್ತದೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧದ ಲೆಕ್ಕ. ಮನೆ, ಬೇಸಾಯ, ವಿಜ್ಞಾನ, ಕೈಗಾರಿಕೆಯ ಬಳಕೆಗೆಂದೇ ಮಾಡಿದ್ದಾದರೆ ವಿನಾಯಿತಿ ಇದೆ. ಹಾಗಾಗಿ ಚಾಕು ಯಾವ ಕೆಲಸದ್ದು ಅಂತ ತೋರಿಸುವ ಕಾಗದ ನನ್ನ ಹತ್ತಿರ ಯಾವಾಗಲೂ ಇರುತ್ತದೆ: ಬಿಲ್, ಶಿಬಿರದವರ ಪತ್ರ, ಪ್ರತಿ ಚಾಕುವಿನ ಫೋಟೋ ಮತ್ತು ಅಲಗಿನ ಉದ್ದ.

ಹಿಡಿಯ ಬಗ್ಗೆ ಯಾರೂ ಯೋಚಿಸುವುದೇ ಇಲ್ಲ. ದಂತದ ಹಿಡಿ ಇದ್ದರೆ ವನ್ಯಜೀವಿ ವ್ಯಾಪಾರದ ನಿಯಮಗಳು ಅಡ್ಡ ಬರುತ್ತವೆ. ಬೀಟೆ ಮರದ ಇಡೀ ಕುಲ 2017ರಿಂದ ಸೈಟಿಸ್ ಪಟ್ಟಿಯಲ್ಲಿದೆ, ಅಂದರೆ ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಮರ, ಕೊಂಬು ಏನೇ ಇದ್ದರೂ ಬರುವಾಗಲೇ ಘೋಷಿಸಬೇಕು. ಹುಳ ಅಥವಾ ತೊಗಟೆ ಇದೆಯಾ ಅಂತ ನೋಡುತ್ತಾರೆ, ಇಲ್ಲದಿದ್ದರೆ ಸಾಮಾನ್ಯವಾಗಿ ವಾಪಸ್ ಕೊಡುತ್ತಾರೆ. ನಾನು ಹಿಡಿಗಳನ್ನು ಚೆನ್ನಾಗಿ ಒರೆಸಿ, ಎಣ್ಣೆ ಹಚ್ಚಿ ಒಯ್ಯುತ್ತೇನೆ.

ಅಂಚೆಯಲ್ಲಿ ತರಿಸುವಾಗ ಹೊರಗಿನ ಕಸ್ಟಮ್ಸ್ ಚೀಟಿಯೇ ನಿಮ್ಮ ಪರವಾಗಿ ಮಾತಾಡಬೇಕು. ಸುಮ್ನೆ ‘ಚಾಕು’ ಅಂತ ಬರೆದರೆ ಸಾಲದು. ‘ಮರ ಕೆತ್ತುವ ಚಾಕು, ಮಡಚುವುದಿಲ್ಲ, ಒಂದೇ ಅಂಚು, ಅಲಗು ಇಷ್ಟು ಉದ್ದ’ ಅಂತ ಬರೆಯಲು ಕಳಿಸುವವರಿಗೆ ಹೇಳುತ್ತೇನೆ. ಜೊತೆಗೆ ಸರಕಿನ ಸಂಕೇತ ಸಂಖ್ಯೆ 8211 ಹಾಕಿಸುತ್ತೇನೆ. ಅಲಗಿನ ಚಾಕುಗಳಿಗೆ ಎಲ್ಲ ಕಡೆ ಇದೇ ಶೀರ್ಷಿಕೆ. ಕತ್ತಿ, ಬಯೊನೆಟ್ ಬೇರೆ, ಅವು 9307. ಒಮ್ಮೆ ನನ್ನ ಮಡಚುವ ಚಾಕುವಿನ ಪಾರ್ಸೆಲ್ ತಡೆಹಿಡಿದರು. ಅದು ತಾನಾಗಿ ಚಿಮ್ಮುವುದಿಲ್ಲ ಅಂತ ತೋರಿಸಲು, ಎರಡು ಕೈಯಲ್ಲಿ, ಉಗುರು ಸಿಕ್ಕಿಸಿ ತೆರೆಯುವ ಪುಟ್ಟ ವಿಡಿಯೋ ಕಳಿಸಿದೆ. ಬಿಟ್ಟರು. ಎಷ್ಟು ವಿವರಿಸಿದ್ದರೂ ಆ ವಿಡಿಯೋದಷ್ಟು ಕೆಲಸ ಆಗುತ್ತಿರಲಿಲ್ಲ.

ವಿಮಾನ, ಕಸ್ಟಮ್ಸ್, ರಸ್ತೆ, ಈ ಮೂರಕ್ಕೂ ನಿಯಮ ಬೇರೆ ಬೇರೆ. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ 6 ಸೆಂಟಿಮೀಟರ್ ಮೀರಿದ ಅಲಗನ್ನು ಕ್ಯಾಬಿನ್‌ಗೆ ಒಯ್ಯುವಂತಿಲ್ಲ. ಅಮೆರಿಕದಲ್ಲಿ ಅದಕ್ಕಿಂತ ಚಿಕ್ಕ ಅಲಗಿಗೂ ಅವಕಾಶವಿಲ್ಲ. ಹೀಗಾಗಿ ನನ್ನವೆಲ್ಲ ಚೆಕ್-ಇನ್ ಬ್ಯಾಗಿಗೇ ಹೋಗುತ್ತವೆ. ಪ್ರತಿ ಅಲಗಿಗೂ ಗಟ್ಟಿ ಒರೆ, ಮೇಲೆ ಬಟ್ಟೆಯ ಸುರುಳಿ. ಬ್ಯಾಗಿನೊಳಗೆ ಕೈ ಹಾಕುವ ಸಿಬ್ಬಂದಿಗೆ ಗಾಯ ಆಗಬಾರದಲ್ವಾ? ಇನ್ನು ಕಸ್ಟಮ್ಸ್ ಬಿಟ್ಟಿತು ಅಂತ ಜೇಬಿನಲ್ಲಿಟ್ಟು ತಿರುಗುವ ಹಾಗಿಲ್ಲ. ಬ್ರಿಟನ್ನಿನಲ್ಲಿ ಕಾರಣವಿಲ್ಲದೆ ಜೇಬಿನಲ್ಲಿಡಬಹುದಾದದ್ದು 3 ಇಂಚಿನೊಳಗಿನ, ಲಾಕ್ ಆಗದ ಮಡಚುವ ಚಾಕು ಮಾತ್ರ. ನಾನು ಇಳಿದ ಜಾಗದಿಂದ ಶಿಬಿರಕ್ಕೆ ಹೋಗುವಾಗಲೂ ಸುರುಳಿಯನ್ನು ಕಟ್ಟಿ, ಬ್ಯಾಗಿನ ತಳದಲ್ಲಿಟ್ಟಿರುತ್ತೇನೆ.

ಅನುಮಾನ ಬಂದರೆ ಆ ದೇಶದ ಕಸ್ಟಮ್ಸ್‌ಗೆ ಮೊದಲೇ ಈಮೇಲ್ ಬರೆಯುತ್ತೇನೆ, ಫೋಟೋ ಸಮೇತ. ಉತ್ತರವನ್ನು ಮುದ್ರಿಸಿ ಸುರುಳಿಯ ಜೊತೆಗೇ ಇಡುತ್ತೇನೆ. ಉತ್ತರ ಬರದಿದ್ದರೆ ಆ ಚಾಕು ಮನೆಯಲ್ಲೇ ಉಳಿಯುತ್ತದೆ.