ನಾನು ಬಿಸಾಡಿದ ಬೆಣಚುಕಲ್ಲು

ಎಂ.ಎಸ್ಸಿ. ಪ್ರಾಜೆಕ್ಟಿಗೆ ನನಗೆ ಸಿಕ್ಕಿದ್ದು ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಶಿಸ್ಟ್ ಪಟ್ಟಿ, ಅಂದರೆ ಪದರಪದರವಾದ ಕಲ್ಲಿನ ಪಟ್ಟಿ. ಕೆಂಪಿನಕೋಟೆಯಿಂದ ಅರಸೀಕೆರೆವರೆಗೆ ಸುಮಾರು 60 ಕಿ.ಮೀ. ಉದ್ದ, ಅಗಲ ಮಾತ್ರ ತೀರಾ ಕಡಿಮೆ. ಕೆಂಪಿನಕೋಟೆಯಲ್ಲಿ ಹಿಂದೆ ಚಿನ್ನಕ್ಕೆ ತೋಡಿದ ಗುಂಡಿಗಳಿವೆ. ಆ ಕಡೆಯ ಬೆಣಚುಕಲ್ಲಿನ ಎಳೆಗಳನ್ನು ನಕ್ಷೆಗೆ ಏರಿಸುವುದು ನನ್ನ ಕೆಲಸ.

ಮೊದಲ ವಾರ ಮಾಡಿದ್ದು ಶುದ್ಧ ದಡ್ಡತನ. ಹಾಲಿನಂತೆ ಬೆಳ್ಳಗಿರುವ ದಪ್ಪ ಎಳೆ ಕಂಡಲ್ಲೆಲ್ಲ ಸುತ್ತಿಗೆ ಹಿಡಿದು ಓಡಿದೆ. ಚೀಲ ತುಂಬಿತು, ಹೆಗಲು ನೋಯಿತು, ಅಷ್ಟೇ. ಒಂದು ತುಂಡು ಮಾತ್ರ ಹಳದಿಯಾಗಿ ಹೊಳೆಯಿತು. ಟೈಲ್ಸಿನ ಒರಟು ಬೆನ್ನಿಗೆ ಉಜ್ಜಿದೆ. ಕಪ್ಪು ಗೆರೆ ಬಿತ್ತು. ಚಿನ್ನವಾಗಿದ್ದರೆ ಗೆರೆಯೂ ಹಳದಿಯೇ ಬರಬೇಕು. ಇದು ಪೈರೈಟ್, ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಸಿಟ್ಟು ಬಂದು ಬೇಲಿಯಾಚೆ ಎಸೆದೆ.

ಶನಿವಾರ ನಮ್ಮ ಮೇಷ್ಟ್ರು ಬಂದರು. ಚೀಲ ನೋಡಿ ನಕ್ಕರು. ನನ್ನ ನೋಟ್‌ಬುಕ್ಕಿನ ಹಾಳೆಗಳನ್ನು ಸಡಿಲವಾಗಿ ಹಿಡಿದು ಕಮಾನಿನಂತೆ ಬಗ್ಗಿಸಿದರು. ‘ಎಲ್ಲಿ ಬಾಯಿ ಬಿಡ್ತು, ನೋಡು.’ ಹಾಳೆಗಳು ಒಂದರ ಮೇಲೊಂದು ಜಾರಿ, ನೆತ್ತಿಯಲ್ಲಿ ಸಂದು ಬಿಟ್ಟಿದ್ದವು. ಕಲ್ಲಿನ ಪದರ ಮಡಚಿದಾಗಲೂ ಹೀಗೇ. ಆಸ್ಟ್ರೇಲಿಯಾದ ಬೆಂಡಿಗೋದಲ್ಲಿ ಮಡಿಕೆಯ ನೆತ್ತಿಯಲ್ಲಿ ಕುದುರೆ ಜೀನಿನ ಆಕಾರದಲ್ಲೇ ಬೆಣಚುಕಲ್ಲು ಕೂತಿದೆಯಂತೆ, ಚಿನ್ನದ ಸಮೇತ.

ಆ ಸಂದಿಗೆ ಬರುವುದು ಆಳದ ಬಿಸಿನೀರು, ಸುಮಾರು 300ರಿಂದ 400 ಡಿಗ್ರಿ. ಸಿಲಿಕಾ ಕರಗಿರುತ್ತದೆ. ಚೂರೇ ಚೂರು ಚಿನ್ನ ಗಂಧಕದ ಜೊತೆ ಸೇರಿಕೊಂಡು ಬರುತ್ತದೆ. ಒತ್ತಡ ಏರಿ ಕುಕ್ಕರ್ ವಿಷಲ್ ಹೊಡೆದ ಹಾಗೆ ಕಲ್ಲು ಬಿರಿಯುತ್ತದೆ. ಒತ್ತಡ ದಢಕ್ಕನೆ ಇಳಿದಾಗ ಸಿಲಿಕಾ ಬೆಣಚುಕಲ್ಲಾಗಿ ಬಿರುಕನ್ನು ಮುಚ್ಚುತ್ತದೆ, ಚಿನ್ನವೂ ಅದರೊಳಗೆ ಉಳಿಯುತ್ತದೆ. ಮತ್ತೆ ಒತ್ತಡ, ಮತ್ತೆ ಬಿರುಕು. ಹಾಗಾಗಿ ಒಂದೇ ಬಿಳುಪಿನ ಎಳೆಗಿಂತ ಪಟ್ಟೆಪಟ್ಟೆ ಎಳೆಯ ಮೇಲೆ ನನಗೀಗ ನಂಬಿಕೆ ಜಾಸ್ತಿ.

ಚಿನ್ನ ನೀರಿನಿಂದ ಇಳಿಯಲು ಇನ್ನೊಂದು ದಾರಿಯೂ ಇದೆ. ಪಕ್ಕದ ಕಲ್ಲಿನಲ್ಲಿ ಕಬ್ಬಿಣ ಇದ್ದರೆ ಅದು ಗಂಧಕವನ್ನು ಎಳೆದುಕೊಂಡು ಪೈರೈಟ್ ಆಗುತ್ತದೆ. ಜೊತೆಗಾರ ಹೋದ ಮೇಲೆ ಚಿನ್ನ ನೀರಿನಲ್ಲಿ ನಿಲ್ಲುವುದಿಲ್ಲ, ಅಲ್ಲೇ ಇಳಿಯುತ್ತದೆ. ಪೈರೈಟ್ ಇದ್ದಲ್ಲೆಲ್ಲ ಚಿನ್ನ ಇರುತ್ತದೆ ಅಂತಲ್ಲ. ಆದರೆ ನಾನು ಎಸೆದದ್ದು ಸಾಕ್ಷಿಯನ್ನೇ, ಅಲ್ವಾ?

ಆಮೇಲೆ ಕ್ರಮ ಬದಲಿಸಿದೆ. ಮೊದಲು ಬ್ರಂಟನ್ ಕಂಪಾಸಿನಲ್ಲಿ ಪದರಗಳ ಓರೆ ಅಳೆದು ಮಡಿಕೆ ಎಲ್ಲಿ ತಿರುಗುತ್ತದೆ ಅಂತ ಗುರುತು ಹಾಕಿದೆ. ಸುತ್ತಿಗೆ ಹೊರಬಂದದ್ದು ಆಮೇಲೆ. ತುಕ್ಕು ಹಿಡಿದ ಬೆರಳಗಲದ ಎಳೆಗಳನ್ನೂ ಬಿಡಲಿಲ್ಲ.

ಎಸೆದ ಕಲ್ಲನ್ನು ಹುಡುಕಲು ಬೇಲಿಯಾಚೆಗೂ ಹೋದೆ. ದನ ಮೇಯಿಸುತ್ತಿದ್ದ ಅಜ್ಜ ತುಂಬ ಹೊತ್ತು ಸುಮ್ನೆ ನೋಡಿ, ‘ಏನ್ ಕಳ್ಕಂಡೆ ಮಗ?’ ಅಂದರು.

‘ಕಲ್ಲು ಅಜ್ಜ.’

ಸುತ್ತ ಇದ್ದದ್ದೆಲ್ಲ ಕಲ್ಲೇ.