ಸ್ಟೆಪ್ನಿಗೊಂದು ಗಟ್ಟಿ ತೋಳು

ಹಿಂಬಾಗಿಲ ತಗಡು ಸೀಳಿಕೊಂಡು ಬಂದ ಜೀಪುಗಳು ಕೊಡಗಿನ ವೆಲ್ಡಿಂಗ್ ಶಾಪುಗಳಿಗೆ ಹೊಸತಲ್ಲ. ಕಂಪನಿ ಟೈರಿನ ಜಾಗಕ್ಕೆ ಅಗಲದ ಮಡ್ ಟೈರ್ ಬರುತ್ತದೆ, ಸ್ಟೆಪ್ನಿಯ ತೂಕ ಏರುತ್ತದೆ, ಅದನ್ನು ಹೊರುವ ಬಾಗಿಲು ಮಾತ್ರ ಹಳೆಯದೇ. ತೋಟದ ಗುಂಡಿ ದಾರಿಯಲ್ಲಿ ಓಡಾಡುತ್ತಾ ಹಿಂಜಿನ ಬುಡದಲ್ಲಿ ಮೊದಲು ಬಣ್ಣ ಬಿರಿಯುತ್ತದೆ, ಆಮೇಲೆ ಕೂದಲೆಳೆಯಷ್ಟು ಗೆರೆ, ಕೊನೆಗೆ ತಗಡು ಬಾಯಿ ಬಿಡುತ್ತದೆ. ಮೇಲೊಂದು ಪಟ್ಟಿ ಇಟ್ಟು ಬೆಸೆದರೆ ಆ ಪಟ್ಟಿಯ ಅಂಚಿನಲ್ಲೇ ಮತ್ತೆ ಸೀಳುತ್ತದೆ. ಸ್ಟೆಪ್ನಿಯನ್ನು ಬಾಗಿಲಿಂದ ಬಿಡಿಸಿ, ಚಾಸಿಗೆ ಬೋಲ್ಟ್ ಮಾಡಿದ ಬಂಪರಿನ ಮೇಲೆ ತಿರುಗುವ ತೋಳಿಗೆ ಹಾಕುವುದೇ ಸರಿ.

ತೂಕ, ಅಳತೆ

ಅಂದಾಜಿನ ಮೇಲೆ ಕಬ್ಬಿಣ ತರಬೇಡಿ. ಕಾಫಿ ಮೂಟೆ ತೂಗುವ ತಕ್ಕಡಿಯ ಮೇಲೆ ಡಿಸ್ಕ್ ಸಮೇತ ಟೈರನ್ನು ಇಟ್ಟು ನೋಡಿ. ಇಲ್ಲಿನ ಲೆಕ್ಕಕ್ಕೆ 35 ಕೆ.ಜಿ. ಹಿಡಿದಿದ್ದೇನೆ. 235/75 ಆರ್ 15 ಟೈರಿನ ವ್ಯಾಸ ಸುಮಾರು 733 ಮಿ.ಮೀ., 31 ಇಂಚಿನದು 787. ಟೈರಿನ ತಳ ಬಂಪರಿನ ಮೇಲ್ಮೈಯಿಂದ 20 ಮಿ.ಮೀ. ಎತ್ತರದಲ್ಲಿದ್ದರೆ ಸಾಕು. ಚಂದ ಕಾಣಲೆಂದು ಇನ್ನೂ ಮೇಲೇರಿಸಿದರೆ ಅಲುಗಾಟ ಹೆಚ್ಚುತ್ತದೆ, ಹಿಂದಿನ ಗಾಜೂ ಮುಚ್ಚುತ್ತದೆ.

ತೋಳು ಯಾವ ಕಡೆಗೆ ತೆರೆಯಬೇಕು? ಹಿಂಬಾಗಿಲು ಪಕ್ಕಕ್ಕೆ ತೆರೆಯುವಂಥದ್ದಾದರೆ ಅದರ ಹಿಂಜ್ ಇರುವ ಕಡೆಯೇ ತೋಳಿನದ್ದೂ ಇರಲಿ. ಹಳೆಯ ಜೀಪಿನಂತೆ ಕೆಳಕ್ಕೆ ಬೀಳುವ ಬಾಗಿಲಾದರೆ ಎಡಕ್ಕೇ ಇಡಿ. ಗಾಡಿ ರಸ್ತೆಯ ಎಡಕ್ಕೆ ನಿಂತಾಗ ತೋಳು ಬರೆಯ (ರಸ್ತೆ ಬದಿಯ ಮಣ್ಣುದಿಬ್ಬದ) ಕಡೆ ತೆರೆದುಕೊಳ್ಳುತ್ತದೆ. ಬಲಕ್ಕಿಟ್ಟರೆ ತಿರುವಿನಲ್ಲಿ ಬರುವ ಬಸ್ಸಿಗೆ ಅಡ್ಡ ನಿಲ್ಲುತ್ತದೆ.

ಬಂಪರ್

ಇದು ಸುಲಭದ ಕೆಲಸ. 100×50×5 ಮಿ.ಮೀ. ಬಾಕ್ಸ್ ಪೈಪ್ ಅನ್ನು 100ರ ಮುಖ ನಿಲುವಾಗಿರುವಂತೆ ಇಟ್ಟು, ಹಿಂದಿನ ಕ್ರಾಸ್ ಮೆಂಬರ್ ಮತ್ತು ಚಾಸಿಯ ಎರಡೂ ಕಾಲುಗಳಿಗೆ 8 ಮಿ.ಮೀ. ಪ್ಲೇಟ್ ಮೂಲಕ ಎಂ12, 8.8 ಗ್ರೇಡ್ ಬೋಲ್ಟ್‌ಗಳಿಂದ ಬಿಗಿಯಿರಿ. ಬಿಗಿತ 80 ನ್ಯೂಟನ್ ಮೀಟರ್ ಆಸುಪಾಸು, ನಟ್ಟುಗಳು ನೈಲಾನ್ ಇರುವಂಥವು. ಟೊಳ್ಳು ಪೈಪಿನ ಮೂಲಕ ಹೋಗುವ ಪ್ರತಿ ಬೋಲ್ಟಿಗೂ ಒಳಗೊಂದು ಸ್ಲೀವ್ (ಗಟ್ಟಿ ಕೊಳವೆ) ಬೇಕು, ಇಲ್ಲದಿದ್ದರೆ ಬಿಗಿದಂತೆಲ್ಲ ಪೈಪ್ ಚಪ್ಪಟೆಯಾಗಿ ಬೋಲ್ಟ್ ಸಡಿಲವಾಗುತ್ತದೆ. ಚಾಸಿಗೆ ನೇರ ವೆಲ್ಡ್ ಬೇಡವೇ ಬೇಡ. ಗಾಡಿಯ ಮೇಲೆ ಟ್ಯಾಕ್ (ಚುಕ್ಕೆ ಬೆಸುಗೆ) ಹಾಕಬೇಕಾಗಿ ಬಂದರೆ ಮೊದಲು ಬ್ಯಾಟರಿಯ ತಂತಿ ಕಳಚಿ. ಕಾಮನ್ ರೈಲ್ (ಕಂಪ್ಯೂಟರ್ ನಿಯಂತ್ರಿತ ಡೀಸೆಲ್) ಎಂಜಿನ್ ಇದ್ದರಂತೂ ಮರೆಯಬೇಡಿ.

ಪಿನ್ನು ಮತ್ತು ಬ್ಯಾರೆಲ್

ಪಿನ್ನು ಎಂದರೆ ಬಂಪರಿನಲ್ಲಿ ನೆಟ್ಟಗೆ ನಿಲ್ಲುವ ಸರಳು, ಬ್ಯಾರೆಲ್ ಎಂದರೆ ಅದರ ಸುತ್ತ ತಿರುಗುವ, ತೋಳಿನ ಬುಡದ ಪೈಪು. ಹೆಚ್ಚಿನವರು ಎಡವುವುದು ಇಲ್ಲೇ. ತೋಟದ ಗೇಟಿನ ಹಿಂಜ್ ತಂದು ಬೆಸೆಯುವವರಿದ್ದಾರೆ, ಪೈಪಿನೊಳಗೆ ಪೈಪ್ ತೂರಿಸಿ ಗ್ರೀಸ್ ಬಳಿಯುವವರಿದ್ದಾರೆ. ಎರಡೂ ಮೊದಲ ವಾರ ಚೆನ್ನಾಗಿಯೇ ತಿರುಗುತ್ತವೆ.

ಲೆಕ್ಕ ನೋಡಿ. 35 ಕೆ.ಜಿ. ಸ್ಟೆಪ್ನಿಯ ನಡು ಪಿನ್ನಿಂದ 55 ಸೆಂ.ಮೀ. ದೂರ, ತೋಳಿನ ಸ್ವಂತ ತೂಕ 12 ಕೆ.ಜಿ., ಅದರ ನಡು 30 ಸೆಂ.ಮೀ. ದೂರ. ತೋಳು ತೆರೆದಾಗ ಈ ಭಾರವೆಲ್ಲ ಪಿನ್ನಿನ ಮೇಲಿನ ಬೇರಿಂಗನ್ನು ಹೊರಕ್ಕೆ ಎಳೆಯುತ್ತದೆ, ಕೆಳಗಿನದನ್ನು ಒಳಕ್ಕೆ ಒತ್ತುತ್ತದೆ. ಎರಡು ಬೇರಿಂಗ್‌ಗಳ ನಡುವೆ 5 ಸೆಂ.ಮೀ. ಅಂತರವಿದ್ದರೆ ಒಂದೊಂದರ ಮೇಲೂ ಸುಮಾರು 457 ಕೆ.ಜಿ. ಬಲ ಬೀಳುತ್ತದೆ. 10 ಸೆಂ.ಮೀ. ಇದ್ದರೆ 228, 15 ಇದ್ದರೆ 152. ಗೇಟಿನ ಹಿಂಜ್ ಯಾಕೆ ಜೋತು ಬೀಳುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಡ. ಅಂತರ 15 ಸೆಂ.ಮೀ.ಗಿಂತ ಕಡಿಮೆ ಮಾಡಬೇಡಿ. ಸ್ಟೆಪ್ನಿಯ ನಡುವನ್ನು ಪಿನ್ನಿನ ಕಡೆಗೆ 5 ಸೆಂ.ಮೀ. ಸರಿಸಿದರೆ ಈ ಬಲ ಶೇ 8ರಷ್ಟು ಇಳಿಯುತ್ತದೆ. ಸ್ಟೆಪ್ನಿ ಗಾಡಿಯ ನಟ್ಟನಡುವೆಯೇ ಇರಬೇಕೆಂಬ ಹಟ ಬಿಡಿ.

ಬೇಕಾದ ಬೇರಿಂಗ್ 30206, ಎರಡು. ಒಳವ್ಯಾಸ 30, ಹೊರವ್ಯಾಸ 62 ಮಿ.ಮೀ.ನ ಟೇಪರ್ ರೋಲರ್. ಪಿನ್ನಿಗೆ 55 ಮಿ.ಮೀ.ನ ಇಎನ್8 ಎಂಬ ಉಕ್ಕಿನ ಸರಳು ತಂದು ಲೇತಿನವರಿಗೆ ಹೀಗೆ ಹೇಳಿ: ನಡುವೆ 55ರ ಕಾಲರ್, 8 ಮಿ.ಮೀ. ದಪ್ಪ. ಕಾಲರಿನ ಕೆಳಗೆ ಬಂಪರ್ ಎತ್ತರದಷ್ಟು ಉದ್ದಕ್ಕೆ 40 ಮಿ.ಮೀ., ತುದಿಯಲ್ಲಿ ಎಂ30 ಮರೆ (ಥ್ರೆಡ್). ಕಾಲರಿನ ಮೇಲೆ ಆಯಿಲ್ ಸೀಲ್ ಕೂರಲು 12 ಮಿ.ಮೀ.ವರೆಗೆ 40, ಅಲ್ಲಿಂದ ಮೇಲಕ್ಕೆ 30, ತುದಿಯಲ್ಲಿ ಎಂ24 ಮರೆ, ಕೋಟರ್ ಪಿನ್ನಿಗೆ ತೂತು. ದಪ್ಪ ಬದಲಾಗುವ ಕಡೆ ಚೂಪು ಮೂಲೆ ಬಿಡದೆ ಸಣ್ಣ ದುಂಡು ಕೊಡಿಸಿ. ಬಿರುಕು ಹುಟ್ಟುವುದು ಆ ಮೂಲೆಯಲ್ಲೇ.

ಈ ಪಿನ್ನನ್ನು ಬಂಪರಿಗೆ ವೆಲ್ಡ್ ಮಾಡಬಾರದು. ಇಎನ್8ರಲ್ಲಿ ಸುಮಾರು ಶೇ 0.4 ಇಂಗಾಲ ಇರುತ್ತದೆ. ತಣ್ಣಗಿದ್ದಾಗ ಬೆಸೆದರೆ ವೆಲ್ಡಿನ ಪಕ್ಕದ ಉಕ್ಕು ಗಡುಸಾಗಿ ಗಾಜಿನಂತೆ ಸೀಳುತ್ತದೆ, ಅದೂ ಹೊರಗೆ ಕಾಣದಂತೆ. ಅದರ ಬದಲು 60 ಮಿ.ಮೀ. ಹೊರವ್ಯಾಸದ ಸಾದಾ ಎಂಎಸ್ (ಮೈಲ್ಡ್ ಸ್ಟೀಲ್) ಸ್ಲೀವನ್ನು ಬಂಪರಿನ ಮೇಲಿನ ಗೋಡೆಯಿಂದ ಕೆಳಗಿನ ಗೋಡೆಯವರೆಗೆ ತೂರಿಸಿ, ಎರಡೂ ಕಡೆ ಸುತ್ತ ಬೆಸೆಯಿರಿ. 50 ಮಿ.ಮೀ. ಅಗಲದ ಪೈಪಿಗೆ 60ರ ಸ್ಲೀವ್ ಕೂರುವುದಿಲ್ಲ, ಹಾಗಾಗಿ ಆ ತುದಿಯ 15 ಸೆಂ.ಮೀ. ಉದ್ದವನ್ನು 100×100 ಪೈಪಿನಿಂದ ಮಾಡಿ. ಸ್ಲೀವಿನ ತೂತನ್ನು 38ಕ್ಕೆ ಕೊರೆಸಿ, ಬೆಸೆದು ತಣ್ಣಗಾದ ಮೇಲೆ 40ಕ್ಕೆ ಮುಗಿಸಿ. ಮೊದಲೇ 40 ಮಾಡಿಟ್ಟರೆ ವೆಲ್ಡಿನ ಶಾಖಕ್ಕೆ ತೂತು ಮೊಟ್ಟೆಯಾಕಾರಕ್ಕೆ ತಿರುಗಿ ಪಿನ್ನು ಒಳಗೆ ಹೋಗುವುದಿಲ್ಲ. ಹೋಗದ ಪಿನ್ನನ್ನು ಸುತ್ತಿಗೆಯಿಂದ ಹೊಡೆಯುವ ದೃಶ್ಯ ನೋಡದವರಿಲ್ಲ.

ವೆಲ್ಡ್ ತಣ್ಣಗಾಗುವಾಗ ತನ್ನ ಕಡೆಗೆ ಎಳೆಯುತ್ತದೆ. ಒಂದೇ ಸುತ್ತಿನಲ್ಲಿ ಮುಗಿಸಿದರೆ ಸ್ಲೀವ್ ಓರೆಯಾಗುತ್ತದೆ. ಒಂದು ಡಿಗ್ರಿ ಓರೆಯೆಂದರೆ 1.1 ಮೀಟರ್ ಉದ್ದದ ತೋಳಿನ ತುದಿಯಲ್ಲಿ 19 ಮಿ.ಮೀ. ವ್ಯತ್ಯಾಸ. ನಾಲ್ಕು ಕಡೆ ಟ್ಯಾಕ್ ಹಾಕಿ, ಮೂಲೆಮಟ್ಟ ಹಿಡಿದು ನೋಡಿ, ಆಮೇಲೆ 2-3 ಸೆಂ.ಮೀ. ತುಂಡುಗಳಲ್ಲಿ ಎದುರುಬದುರಾಗಿ ಬೆಸೆಯಿರಿ. ಮಟ್ಟ ನೋಡಬೇಕಾದದ್ದು ಬಂಪರಿನ ಮೇಲ್ಮೈಗೆ, ನೆಲಕ್ಕಲ್ಲ. ಗಾಡಿಯನ್ನು ಕಾಫಿ ಕಣದಲ್ಲಿ ನಿಲ್ಲಿಸಿ ನೀರುಮಟ್ಟ ಇಟ್ಟು ಕೆಲಸ ಮಾಡುವವರು ಕಣಕ್ಕೂ ನೀರು ಹರಿಯಲು ಇಳಿಜಾರು ಕೊಟ್ಟಿರುತ್ತಾರೆಂಬುದನ್ನು ಮರೆಯುತ್ತಾರೆ.

ಎಲೆಕ್ಟ್ರೋಡ್ 7018 ಇರಲಿ. ಆದರೆ ಮಳೆಗಾಲದಲ್ಲಿ ತೆರೆದಿಟ್ಟ ಪೊಟ್ಟಣದ 7018 ಬಳಸುವುದಕ್ಕಿಂತ ಕೆಲಸ ಮುಂದೂಡುವುದು ಲೇಸು. ತೇವ ಹೀರಿದ ಕಡ್ಡಿಯ ವೆಲ್ಡ್ ಒಳಗೆಲ್ಲ ಸಣ್ಣ ಗುಳ್ಳೆ, ಬಿರುಕು. ಹೊಸ ಪೊಟ್ಟಣ ಒಡೆದು ಅಂದೇ ಬಳಸಿ.

ಬ್ಯಾರೆಲ್‌ಗೆ 80 ಮಿ.ಮೀ. ಹೊರವ್ಯಾಸದ ದಪ್ಪ ಪೈಪ್. ಒಳಗೆ 54, ಎರಡು ತುದಿಗಳಲ್ಲಿ ಬೇರಿಂಗ್ ಕಪ್ (ಹೊರ ಬಳೆ) ಬಿಗಿಯಾಗಿ ಕೂರುವಂತೆ 62. ಇಲ್ಲೂ ಅದೇ ನಿಯಮ: ತೋಳಿನ ಮೊದಲ ತುಂಡನ್ನು ಬ್ಯಾರೆಲ್‌ಗೆ ಬೆಸೆದ ಮೇಲೇ 62ರ ಕೊನೆಯ ಕೊರೆತ. ಬೇರಿಂಗ್ ಕೋನಿನ (ಒಳ ಬಳೆಯ) ದಪ್ಪ ತುದಿಗಳು ಹೊರಮುಖವಾಗಿರಬೇಕು. ಕೆಳಗಿನದು 40ರ ಮೆಟ್ಟಿಲ ಮೇಲೆ ಕೂರುತ್ತದೆ, ಅದರ ಕೆಳಗೆ 40×62×10 ಆಯಿಲ್ ಸೀಲ್. ಮೇಲಿನ ನಟ್ಟನ್ನು ಬ್ಯಾರೆಲ್ ತಿರುಗಿಸುತ್ತಲೇ ಬಿಗಿದು, ಕೈಗೆ ತುಸು ತಡೆ ಸಿಕ್ಕಾಗ ಆರನೇ ಒಂದು ಸುತ್ತು ಹಿಂದಕ್ಕೆ ತಂದು ಕೋಟರ್ ಪಿನ್ ಹಾಕಿ. ಮೇಲೊಂದು ಮುಚ್ಚಳ.

ತೋಳು ಮತ್ತು ಚಕ್ರದ ಪ್ಲೇಟು

ತೋಳಿಗೆ 50×50×3 ಬಾಕ್ಸ್ ಪೈಪ್ ಸಾಕು, ಮೀಟರಿಗೆ ಸುಮಾರು ನಾಲ್ಕೂಕಾಲು ಕೆ.ಜಿ. ಇರುತ್ತದೆ. ಆಂಗಲ್ ಬೇಡ. ಚಕ್ರ ತೋಳಿನಿಂದ ಹಿಂದಕ್ಕೆ ಚಾಚಿ ತೂಗುವುದರಿಂದ ತೋಳು ತಿರುಚುತ್ತದೆ, ತಿರುಚನ್ನು ತಡೆಯುವುದು ಮುಚ್ಚಿದ ಪೈಪ್ ಮಾತ್ರ.

ಪ್ಲೇಟು 8 ಮಿ.ಮೀ. ದಪ್ಪ. ಹಳೆಯ ಜೀಪು, ಜಿಪ್ಸಿ, ಜಿಮ್ನಿಗಳದ್ದು 139.7 ಮಿ.ಮೀ. ವೃತ್ತದ ಮೇಲೆ ಐದು ತೂತು. ಪಕ್ಕಪಕ್ಕದ ತೂತುಗಳ ನಡುವೆ 82.1, ಒಂದು ಬಿಟ್ಟು ಒಂದಕ್ಕೆ 132.9 ಮಿ.ಮೀ. 2020ರ ನಂತರದ ಥಾರ್‌ಗೆ ಅದೇ ವೃತ್ತದಲ್ಲಿ ಆರು ತೂತು, ಪಕ್ಕದ ಅಂತರ 69.85. ಐದರಲ್ಲಿ ಮೂರಕ್ಕೆ ಸ್ಟಡ್ ಹಾಕಿದರೆ ಸಾಕು. ಸ್ಟಡ್ಡುಗಳು ನಿಮ್ಮ ಗಾಡಿಯ ಹಬ್‌ನವೇ ಆಗಿರಲಿ, ಆಗ ಒಂದೇ ಪಾನಾದಲ್ಲಿ (ಸ್ಪ್ಯಾನರಿನಲ್ಲಿ) ಕೆಲಸ ಮುಗಿಯುತ್ತದೆ. ಟೈರಿನ ಬೆನ್ನು ತೋಳಿನ ಅಡ್ಡಪಟ್ಟಿಗೆ ಹಗುರಾಗಿ ಒತ್ತಿಕೊಳ್ಳುವಷ್ಟು ಮಾತ್ರ ಪ್ಲೇಟನ್ನು ಹೊರಚಾಚಿ.

ಚಿಲಕ

ಮುಚ್ಚಿದಾಗ ತೋಳಿನ ತುದಿ ಬಂಪರಿನ ಮೇಲಿನ ಓರೆಕಟ್ಟೆಯನ್ನು ಹತ್ತಿ 2-3 ಮಿ.ಮೀ. ಮೇಲೇಳಬೇಕು. ಕಟ್ಟೆಗೆ ನೈಲಾನ್ ತುಂಡು ಸ್ಕ್ರೂ ಮಾಡಿ. ಹೀಗಾದರೆ ಓಡುವಾಗಿನ ಭಾರವನ್ನು ಪಿನ್ನು ಮತ್ತು ಕಟ್ಟೆ ಹಂಚಿಕೊಳ್ಳುತ್ತವೆ. ಇದನ್ನು ಬಿಟ್ಟರೆ ಕಟಕಟ ಸದ್ದು ಶುರು. ಎಳೆದು ಹಿಡಿಯಲು ದಪ್ಪ ಕೊಕ್ಕೆಯ ಟಾಗಲ್ ಕ್ಲ್ಯಾಂಪ್ ಬೇಕು. ಪೆಟ್ಟಿಗೆಗಳಿಗೆ ಹಾಕುವ ಹೊಳೆಯುವ ತಗಡಿನ ಚಿಲಕ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ಕ್ಲ್ಯಾಂಪ್ ಬಿಟ್ಟುಕೊಂಡರೂ ತೋಳು ತೆರೆಯದಂತೆ ಟ್ರ್ಯಾಕ್ಟರ್ ಅಂಗಡಿಯ ಲಿಂಚ್ ಪಿನ್ ಒಂದನ್ನು ಅಡ್ಡ ಹಾಕಿ.

ತೆರೆದ ತೋಳು ನಿಲ್ಲಲು ಪ್ರತ್ಯೇಕ ವ್ಯವಸ್ಥೆ ಇರಲೇಬೇಕು. ಇಲ್ಲಿ ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸುವುದೇ ಅಪರೂಪ, ಇಳಿಜಾರಿನಲ್ಲಿ 47 ಕೆ.ಜಿ. ತೋಳು ತಾನಾಗಿ ಬೀಸಿ ಬಂದರೆ ಕೈ ಮುರಿಯುತ್ತದೆ. 90 ಡಿಗ್ರಿಯಲ್ಲಿ ತೂತಿಗೆ ಬೀಳುವ ಸ್ಪ್ರಿಂಗ್ ಪಿನ್ ಸಾಕು. ಡಿಕ್ಕಿಯ ಗ್ಯಾಸ್ ಸ್ಟ್ರಟ್ ಒಂದನ್ನೇ ನಂಬಬೇಡಿ.

ಪರೀಕ್ಷೆ ಮೊದಲು, ಬಣ್ಣ ಆಮೇಲೆ

ತೋಳನ್ನು ತೆರೆದು, ಸ್ಟೆಪ್ನಿಯ ಜೊತೆಗೆ 50 ಕೆ.ಜಿ. ಮೂಟೆ ನೇತುಹಾಕಿ. ತುದಿಯ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತಿಸಿ. ಮೂಟೆ ಇಳಿಸಿದಾಗ ತುದಿ ಹಳೆಯ ಗುರುತಿಗೆ ಬರದಿದ್ದರೆ ಎಲ್ಲೋ ಬಾಗಿದೆ ಎಂದರ್ಥ. ಆಮೇಲೆ ಮಾಂದಲಪಟ್ಟಿ ದಾರಿಯಂಥ ಕಲ್ಲುದಾರಿಯಲ್ಲಿ 20 ಕಿ.ಮೀ. ಓಡಿಸಿ, ಎಲ್ಲ ಬೋಲ್ಟ್ ಮತ್ತೆ ಬಿಗಿದು, ವೆಲ್ಡುಗಳನ್ನು ಟಾರ್ಚ್ ಹಿಡಿದು ನೋಡಿ. ಬಣ್ಣ ಬಳಿದ ಮೇಲೆ ಬಿರುಕು ಕಾಣುವುದಿಲ್ಲ. ರೆಡಿಮೇಡ್ ಕ್ಯಾರಿಯರ್‌ಗಳ ದಪ್ಪ ಪೌಡರ್ ಕೋಟಿಂಗಿನ ಅಡಿ ಎಂಥ ವೆಲ್ಡ್ ಇದೆಯೆಂದು ತಿಳಿಯದಿರುವುದೂ ಇದಕ್ಕೇ.

ಹಿಂದಿನ ದೀಪಗಳು, ಬ್ರೇಕ್ ಲೈಟು, ನಂಬರ್ ಪ್ಲೇಟು ಮರೆಯಾಗಬಾರದು. ಪ್ಲೇಟನ್ನು ದೀಪ ಸಮೇತ ಕಾಣುವ ಜಾಗಕ್ಕೆ ತನ್ನಿ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಗಾಡಿಯ ಮಾರ್ಪಾಡಿಗೆ ಸಂಬಂಧಿಸಿದ್ದು. ಕಬ್ಬಿಣ ಕತ್ತರಿಸುವ ಮುಂಚೆಯೇ ಮಡಿಕೇರಿಯ ಆರ್‌ಟಿಒದಲ್ಲಿ ಕೇಳಿಕೊಳ್ಳಿ.

ಬರೀ ರೆಡ್ ಆಕ್ಸೈಡ್ ಕಕ್ಕಡದ (ಕೊಡಗಿನ ಜುಲೈ-ಆಗಸ್ಟ್ ತಿಂಗಳ) ಮಳೆಗೆ ನಿಲ್ಲದು. ಎಪಾಕ್ಸಿ ಪ್ರೈಮರ್, ಅದರ ಮೇಲೆ ಪಿಯು (ಪಾಲಿಯುರಿಥೇನ್) ಪೇಂಟ್. ಪೈಪುಗಳ ತುದಿ ಮುಚ್ಚಿ, ತಗ್ಗಿನ ಕಡೆ 6 ಮಿ.ಮೀ. ತೂತು ಬಿಡಿ. ಪೂರ್ತಿ ಮುಚ್ಚಿದರೂ ನೀರು ಹೇಗೋ ಒಳಗೆ ಸೇರುತ್ತದೆ, ತೂತಿಲ್ಲದಿದ್ದರೆ ಹೊರಬರುವುದಿಲ್ಲ. ಮೇ ಕೊನೆಗೊಮ್ಮೆ, ಮಳೆ ನಿಂತ ಮೇಲೊಮ್ಮೆ ಬ್ಯಾರೆಲ್ ಬಿಚ್ಚಿ ಲಿಥಿಯಂ ಗ್ರೀಸ್ ಹೊಸದಾಗಿ ತುಂಬಿ. ಗ್ರೀಸ್ ನಿಪ್ಪಲ್ ಕೂರಿಸಿದ್ದರೆ ಗನ್ನನ್ನು ಎರಡು ಸಲ ಒತ್ತಿ ನಿಲ್ಲಿಸಿ, ಮೂರನೆಯದಕ್ಕೆ ಆಯಿಲ್ ಸೀಲ್ ಹೊರಬರಬಹುದು.